ಅಟ್ಲಾಸಿನ ಕೊನೆಯ ಹಾಳೆ

ಮಗಳು ಜಲಜ ಅಟ್ಲಾಸು ಹರಡಿ
ಕೊನೆಯ ಹಾಳೆಯ ಬಿಳಿಗೆ ಬೆರಳಿಟ್ಟು ಕೇಳಿದಳು:
‘ಅಪ್ಪಾ, ಇದನ್ನು ಅಳೆದದ್ದು ಯಾರು?’

ನಾನು ನಾಪೋಕ್ಲು ಕಡೆಯ ಚೈನ್‌ಮನ್.
ಅರವತ್ತಾರು ಅಡಿ, ನೂರು ಕೊಂಡಿ,
ಇಪ್ಪತ್ತೆರಡು ವರ್ಷದಿಂದ ಒಂದು ತುದಿ ನನ್ನ ಕೈಯಲ್ಲಿ.
ನಡುಮಧ್ಯಾಹ್ನ ಸರಪಳಿ ಕಾದು
ಕೂದಲೆಳೆಯಷ್ಟು ಉದ್ದವಾಗುತ್ತದೆ.
ಸರ್ವೇಯರ್ ಅಚ್ಚಯ್ಯನವರಿಗೂ ಅದು ಗೊತ್ತು;
ಪುಸ್ತಕದಲ್ಲಿ ಬರೆಯುವುದಿಲ್ಲ.

ಹಾಳೆ ನೋಡಿದೆ. ತಟ್ಟೆಯ ಪಾಪುಟ್ಟನ್ನು
ನಡುವಿನಿಂದ ಕೊಯ್ದ ಹಾಗೆ ಗೆರೆಗಳು.
ಏಳು ದೇಶ. ಅದರಲ್ಲಿ ಮೂರಕ್ಕೆ
ಒಂದೇ ತುಂಡಿನ ಮೇಲೆ ಕೈ.
ಒಂದು ಹೋಳು ಮಾತ್ರ ಯಾರಿಗೂ ಬೇಡದೆ
ಹಾಗೇ ಆರುತ್ತಿದೆ.

ದೇಚಮ್ಮ ಟೀಚರ್ ಹೇಳಿದ್ದನ್ನು ಮಗಳು ಒಪ್ಪಿಸಿದಳು:
ಒಬ್ಬರು ವಿಮಾನದಿಂದ ಮುದ್ರೆಯೊತ್ತಿದ ಕಬ್ಬಿಣದ ಸರಳು
ಕೋಳಿಗೆ ನುಚ್ಚೆಸೆದ ಹಾಗೆ ಉದುರಿಸಿದರಂತೆ.
ಒಬ್ಬರು ಅಂಚೆ ಕಚೇರಿ ತೆರೆದರಂತೆ, ಸುತ್ತ ಬರೀ ಪೆಂಗ್ವಿನ್.
ಇನ್ನೊಬ್ಬರು ತುಂಬು ಬಸುರಿಯನ್ನು ಕರೆದೊಯ್ದು
ಅಲ್ಲೇ ಹೆರಿಗೆ ಮಾಡಿಸಿದರಂತೆ:
ಮಗು ಅತ್ತ ನೆಲ ನಮ್ಮದು.

ನನಗೆ ನಗು ಬರಲಿಲ್ಲ.
ಮೊಣ್ಣಪ್ಪ, ಉತ್ತಯ್ಯರ ಬಾಣೆ ಅಳೆಯಲು ಹೋದ ಬೆಳಿಗ್ಗೆ
ತಕರಾರಿನ ಮೂರು ಸೆಂಟಿನಲ್ಲಿ
ರಾತ್ರೋರಾತ್ರಿ ಒಂದು ನಾಯಿಗೂಡು ಎದ್ದಿತ್ತು.
ಒಳಗೆ ಕೆಂಪಿ, ನಾಲ್ಕು ಮರಿ ಹಾಕಿ, ಹಲ್ಲು ಕಿರಿಯುತ್ತ.
ಸ್ವಾಧೀನದ ಕಾಲಮ್ಮಿಗೆ ಏನು ಬರೆಯಲಿ ಎಂದು
ಅಚ್ಚಯ್ಯನವರು ಪೆನ್ಸಿಲ್ ಕಚ್ಚಿದರು.
ಉತ್ತಯ್ಯ ಎರಡು ಮರಿ ಕೇಳಿದ.

ಇನ್ನೂ ಇದೆ ಅಪ್ಪಾ:
ಒಬ್ಬ ಕಪ್ತಾನ ಬೆಟ್ಟಸಾಲು ಕಂಡು ನಕ್ಷೆ ಬರೆದನಂತೆ;
ಮುಂದೆ ಬೇರೆ ದೇಶದ ಹಡಗು
ಆ ಬೆಟ್ಟದ ನೆತ್ತಿಯ ಮೇಲೆಯೇ ತೇಲಿ ಹೋಯಿತಂತೆ.
ಇದನ್ನು ಮಾತ್ರ ಬೇಗ ನಂಬಿದೆ.
ತಡಿಯಂಡಮೋಳಿನ ಪಕ್ಕ ಇನ್ನೊಂದು ಶಿಖರಕ್ಕೆ
ಅಚ್ಚಯ್ಯನವರು ಕೋನ ಹಿಡಿದಿದ್ದರು ಒಮ್ಮೆ.
ಹತ್ತು ಗಂಟೆಗೆ ಶಿಖರ ಕರಗಿತು.
ಮಂಜು.
‘ರಬ್ಬರ್ ಕೊಡು’ ಎಂದರು, ನನ್ನ ಮುಖ ನೋಡದೆ.

ಧ್ರುವದಲ್ಲಿ ನೆಟ್ಟ ಗೂಟ ವರ್ಷಕ್ಕೆ ಮೂವತ್ತು ಅಡಿ
ಹಿಮದ ಜೊತೆ ಜಾರುತ್ತದಂತೆ,
ಹೊಸ ವರ್ಷಕ್ಕೊಮ್ಮೆ ಹೊಸ ಗೂಟ.
ನಮ್ಮಲ್ಲೂ ಬಾಂದುಕಲ್ಲು ನಡೆಯುತ್ತದೆ ಮಗಳೇ,
ಅಮಾವಾಸ್ಯೆಯಲ್ಲಿ, ಇಬ್ಬರ ಹೆಗಲ ಮೇಲೆ.

ನಕ್ಷೆಯಲ್ಲಿ ಬಾರದ್ದನ್ನೂ ನೋಡಿದ್ದೇನೆ.
ಕಾಡಿನೊಳಗೆ ಆಳೆತ್ತರ ಇಳಿದ ಕಡಂಗ,
ಎರಡು ನಾಡಿನವರು ಎದುರುಬದುರು ನಿಂತು
ತಲೆಮಾರುಗಟ್ಟಲೆ ಕಾದದ್ದು. ಯಾತಕ್ಕೆ ಎಂದು
ಯಾರಿಗೂ ನೆನಪಿಲ್ಲ. ಮುಳ್ಳುಹಂದಿಗೆ ಒಳ್ಳೆಯ ಬಿಲ.
ಅದರ ಎರಡೂ ದಡಕ್ಕೆ ಈಗ ಒಬ್ಬನದೇ ಕಾಫಿ.

ಕೊನೆಗೆ ದೇಶಗಳೆಲ್ಲ ಕೂತು ಕರಾರು ಬರೆದವಂತೆ:
ಬಿಟ್ಟುಕೊಟ್ಟೆವು ಎಂದೂ ಇಲ್ಲ,
ಹೊಸದಾಗಿ ಕೇಳುತ್ತೇವೆ ಎಂದೂ ಇಲ್ಲ.
ಕತ್ತಿ ಹೊರಗಿಟ್ಟು ಒಳಗೆ ಹೋಗಬೇಕು.
ದೇವರಕಾಡಿನ ಹಾಗೆ ಎಂದೆ, ಮತ್ತೆ ಸುಮ್ಮನಾದೆ.
ಹಳೆಯ ನಕ್ಷೆಯಲ್ಲಿ ನಮ್ಮ ದೇವರಕಾಡು ಹದಿನೆಂಟು ಎಕರೆ.
ಸರಪಳಿ ಎಳೆದವನು ನಾನೇ: ಹನ್ನೊಂದು.
ದೇವರು ಆಕ್ಷೇಪಣೆ ಸಲ್ಲಿಸಿಲ್ಲ.

‘ಹಾಗಾದರೆ ಅಳೆದದ್ದು ಯಾರು?’
ಅವಳ ಪ್ರಶ್ನೆ ಅಲ್ಲೇ ಇತ್ತು.
ಹಾಳೆಯ ಅಂಚಿನುದ್ದಕ್ಕೂ ಹೆಸರು:
ರಾಜನದು, ರಾಣಿಯದು, ಹಣ ಕೊಟ್ಟ ಸಾಹುಕಾರನದು.
ಸರಪಳಿಯ ಆಚೆ ತುದಿ ಹಿಡಿದವನಿಗೆ ಹುಡುಕಿದೆ,
ಕನ್ನಡಕ ಒರೆಸಿ ಇನ್ನೊಮ್ಮೆ ಹುಡುಕಿದೆ.
‘ಬಂಡಿ ಎಳೆದದ್ದು ನಾಯಿಗಳು’ ಎಂದಳು ಜಲಜ.
‘ಆಮೇಲೆ?’
‘ಹಸಿವಾದಾಗ ತಿಂದರಂತೆ.’

ಒಲೆಗೆ ಸೌದೆ ನೂಕಿ ಬಂದು ನೋಡಿದರೆ
ಯಾರಿಗೂ ಬೇಡದ ಆ ಹೋಳಿನ ಮೇಲೆ
ದುಂಡು ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ: ಕೆಂಪಿ.

ಶಾಲೆಯ ಪುಸ್ತಕ, ಬೈಯುತ್ತಾರೆ ಎಂದೆ.
ರಬ್ಬರ್ ಎಲ್ಲಿ ಎಂದಳು.
ಅಚ್ಚಯ್ಯನವರ ಹತ್ತಿರ ಇದೆ,
ನಾಳೆ ಕೇಳೋಣ.